ನಾಲ್ಕು ಮಾಪಕ, ನಾಲ್ಕು ಉತ್ತರ: ತೊಟ್ಟಿಯ ಉಪ್ಪು ನಿಜಕ್ಕೂ ಎಷ್ಟು?

ಪ್ರಶ್ನೆ: 200 ಲೀಟರಿನ ಕಡಲ ನೀರಿನ ಅಕ್ವೇರಿಯಂ ಇಟ್ಟು ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದಿಷ್ಟು ಮೃದು ಹವಳ, ಒಂದು ಕ್ಲೀನರ್ ಸೀಗಡಿ ಇದ್ದವು. ಇಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏಳುವ ಹೈಡ್ರೋಮೀಟರಿನಲ್ಲಿ ಅಳೆಯುತ್ತಿದ್ದೆ. ಅದು ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) ಸದಾ 1.025 ತೋರಿಸುತ್ತಿತ್ತು. ಅದನ್ನು ನಂಬಬಾರದು ಎಂದು ಎಲ್ಲರೂ ಹೇಳಿದ್ದರಿಂದ ಕಳೆದ ತಿಂಗಳು, ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಉಪ್ಪನ್ನು ಅಂದಾಜಿಸುವ ರಿಫ್ರಾಕ್ಟೋಮೀಟರ್ ಕೊಂಡೆ. ಪೆಟ್ಟಿಗೆ ತೆರೆದ ಕೂಡಲೇ ಆತುರ ತಡೆಯಲಾರದೆ ತೊಟ್ಟಿಯ ನೀರು ಹಾಕಿ ನೋಡಿದಾಗ ಲವಣಾಂಶ (ಒಂದು ಕಿಲೋ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪು ಎಂಬುದು) 34 ಬಂತು. ಆಮೇಲೆ ಕೈಪಿಡಿ ಓದಿ, ಬಟ್ಟೆಯಿಂದ ಗಾಜು ಒರೆಸಿ, ಆರ್‌ಒ ನೀರು ಹಾಕಿದರೆ 3 ತೋರಿಸಿತು. ಸ್ಕ್ರೂ ತಿರುಗಿಸಿ ಸೊನ್ನೆಗೆ ತಂದೆ. ಮತ್ತೆ ತೊಟ್ಟಿಯ ನೀರು ಹಾಕಿದರೆ 31! ಗಾಬರಿಯಾಗಿ ಗಟ್ಟಿ ಉಪ್ಪುನೀರು ಕಲಸಿ ಎರಡೇ ದಿನದಲ್ಲಿ 35ಕ್ಕೆ ಏರಿಸಿದೆ. ಮೂರನೆಯ ದಿನ ಸೀಗಡಿ ಸತ್ತಿತು, ಹವಳಗಳು ಮುದುಡಿಕೊಂಡವು. ಈಗ ಅದೇ ನೀರಿಗೆ ಹಳೆಯ ಮುಳ್ಳು 1.028 ಎನ್ನುತ್ತದೆ. ಗಾಜಿನ ಹೈಡ್ರೋಮೀಟರ್ ಒಂದನ್ನು ತಂದೆ, ಅದು 1.027 ಎನ್ನುತ್ತದೆ (ಅದರ ಮೇಲೆ 20 ಡಿಗ್ರಿ ಎಂದು ಬರೆದಿದೆ, ನನ್ನ ನೀರು 26 ಡಿಗ್ರಿ). ಸ್ನೇಹಿತರ ಡಿಜಿಟಲ್ ಮೀಟರ್ 38 ಎನ್ನುತ್ತದೆ, ರಿಫ್ರಾಕ್ಟೋಮೀಟರ್ ಮಾತ್ರ 35. ಯಾವುದನ್ನು ನಂಬಲಿ? ನೀರನ್ನೆಲ್ಲ ಬದಲಿಸಿಬಿಡಲೇ?

ಉತ್ತರ: ನೀರನ್ನೆಲ್ಲ ಬದಲಿಸಬೇಡಿ. ಈ ಉತ್ತರವನ್ನು ಪೂರ್ತಿ ಓದುವವರೆಗೆ ತೊಟ್ಟಿಗೆ ಕೈಯನ್ನೂ ಹಾಕಬೇಡಿ. ಆವಿಯಾದಷ್ಟು ಶುದ್ಧ ನೀರನ್ನು ಎಂದಿನಂತೆ ತುಂಬಿಸುತ್ತಿರಿ, ಅಷ್ಟು ಸಾಕು.

ನಿಮ್ಮ ಪತ್ರ ಓದಿ ಮುಗಿಸುವ ಹೊತ್ತಿಗೆ ನನಗೆ ಉತ್ತರದ ಸುಳಿವು ಅದರಲ್ಲೇ ಸಿಕ್ಕಿತ್ತು. ಬಹಳ ಮಂದಿ ‘ಮೀಟರ್ ಸರಿಯಿಲ್ಲ, ಏನು ಮಾಡಲಿ’ ಎಂದು ಒಂದೇ ಸಾಲು ಬರೆಯುತ್ತಾರೆ. ನೀವು ಯಾವುದರ ನಂತರ ಯಾವುದನ್ನು ಮಾಡಿದಿರಿ ಎಂದು ಬಿಡಿಸಿ ಬರೆದಿದ್ದೀರಿ. ನನ್ನ ಅಂದಾಜು ಹೀಗಿದೆ: ನಿಮ್ಮ ತೊಟ್ಟಿಯ ಲವಣಾಂಶ ಮೊದಲು 34ರ ಆಸುಪಾಸಿನಲ್ಲಿ ಚೆನ್ನಾಗಿಯೇ ಇತ್ತು. ಈಗ 38ರ ಹತ್ತಿರ ಇದೆ. ತಪ್ಪು ಹೇಳುತ್ತಿರುವುದು ನೀವು ಹೆಚ್ಚು ನಂಬಿದ ಹೊಸ ರಿಫ್ರಾಕ್ಟೋಮೀಟರ್. ಆದರೆ ಅದಕ್ಕೆ ಸುಳ್ಳು ಕಲಿಸಿದ್ದು ನಿಮ್ಮ ಕೈಯಲ್ಲಿದ್ದ ಸ್ಕ್ರೂ.

ಬೇಸರ ಮಾಡಿಕೊಳ್ಳಬೇಡಿ. ಪ್ರದರ್ಶನದ ತೊಟ್ಟಿಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ, ನಾನೂ ಇದನ್ನು ಮಾಡಿದವನೇ. ಒಮ್ಮೆ ಮಾಪಕಗಳನ್ನು ಹೊಂದಿಸುವ ದ್ರಾವಣದ ಬಾಟಲಿಯ ಮುಚ್ಚಳ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಳಗಿನ ನೀರು ನಿಧಾನವಾಗಿ ಆವಿಯಾಗುತ್ತಾ ಹೋಗಿ, ಚೀಟಿಯ ಮೇಲೆ 35 ಎಂದಿದ್ದ ದ್ರಾವಣ ನಿಜದಲ್ಲಿ 37 ಆಗಿತ್ತು. ಅದನ್ನೇ ಪ್ರಮಾಣ ಎಂದುಕೊಂಡು ಎಲ್ಲ ಮಾಪಕಗಳನ್ನೂ ಹೊಂದಿಸಿದೆ. ಮಾಪಕಗಳೆಲ್ಲ ಒಂದೇ ಮಾತು ಹೇಳುತ್ತಿದ್ದುದರಿಂದ ಅನುಮಾನವೇ ಬರಲಿಲ್ಲ. ಐದು ತೊಟ್ಟಿಗಳು ವಾರಗಟ್ಟಲೆ 37ರಲ್ಲಿ ಓಡಿದವು. ನಿಮ್ಮ ನಾಲ್ಕು ಮಾಪಕಗಳು ನಾಲ್ಕು ಉತ್ತರ ಕೊಡುತ್ತಿರುವುದು ಆ ದೃಷ್ಟಿಯಿಂದ ನಿಮ್ಮ ಅದೃಷ್ಟ. ಅವು ಜಗಳವಾಡಿದ್ದರಿಂದಲೇ ನಿಮಗೆ ಸಂಶಯ ಬಂತು.

ಈಗ ಆ 34, 3, 31ರ ಕಥೆಗೆ ಬರೋಣ. ಮೊದಲ ಬಾರಿ ನೋಡಿದಾಗ 34 ಬಂತು. ಬಳಿಕ ಬಟ್ಟೆಯಿಂದ ಒರೆಸಿದಿರಿ. ಒಣ ಬಟ್ಟೆಯಿಂದ ಒರೆಸಿದ ಗಾಜು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಅದರ ಮೇಲೆ ಉಪ್ಪುನೀರಿನ ತೆಳುವಾದ ಪಸೆ ಉಳಿದಿರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಹಾಳೆಯ ಒಳಮೈಗೆ ಇನ್ನಷ್ಟು ಅಂಟಿಕೊಂಡಿರುತ್ತದೆ, ಅದನ್ನು ಒರೆಸುವವರೇ ಕಡಿಮೆ. ಇಡೀ ಪರೀಕ್ಷೆ ನಡೆಯುವುದು ಎರಡು ಹನಿ ನೀರಿನಲ್ಲಿ. ಆ ಎರಡು ಹನಿಯಲ್ಲಿ ಹತ್ತರಲ್ಲೊಂದು ಪಾಲು ಹಳೆಯ ಉಪ್ಪುನೀರು ಬೆರೆತರೂ ಶುದ್ಧ ನೀರು 3 ಎಂದು ತೋರಿಸುತ್ತದೆ. ನೀವು ಆ ಬೆರಕೆ ನೀರನ್ನು ‘ಇದೇ ಸೊನ್ನೆ’ ಎಂದು ಸ್ಕ್ರೂ ತಿರುಗಿಸಿ ಮಾಪಕಕ್ಕೆ ಒಪ್ಪಿಸಿದಿರಿ. ಅಲ್ಲಿಂದ ಮುಂದೆ ಅದು ಪ್ರತಿ ಬಾರಿಯೂ 3 ಕಳೆದೇ ಲೆಕ್ಕ ಹೇಳುತ್ತಿದೆ: 34 ಇದ್ದದ್ದನ್ನು 31 ಎಂದಿತು, ಈಗ 38 ಇರುವುದನ್ನು 35 ಎನ್ನುತ್ತಿದೆ.

ಇದನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಪ್ರಿಸಂ ಗಾಜನ್ನೂ ಮುಚ್ಚಳದ ಒಳಮೈಯನ್ನೂ ಶುದ್ಧ ನೀರಿನಿಂದ ಮೂರು ಬಾರಿ ತೊಳೆದು, ಪ್ರತಿ ಬಾರಿಯೂ ಹೊಸ ಮೆದು ಕಾಗದದಿಂದ ಒತ್ತಿ ಒಣಗಿಸಿ. ಬಳಿಕ ಎರಡು ಮೂರು ಹನಿ ಶುದ್ಧ ನೀರು ಹಾಕಿ, ಗುಳ್ಳೆ ಉಳಿಯದಂತೆ ಮುಚ್ಚಿ, ಅರ್ಧ ನಿಮಿಷ ಕಾದು ನೋಡಿ. ನೀಲಿ ಮತ್ತು ಬಿಳಿ ಸೇರುವ ಗೆರೆ ಸೊನ್ನೆಗಿಂತ ಕೆಳಗಿಳಿದಿದ್ದರೆ ನನ್ನ ಅಂದಾಜು ಸರಿ. ಗೆರೆ ಸೊನ್ನೆಯ ಮೇಲೆಯೇ ಕೂತಿದ್ದರೆ ನನ್ನ ಊಹೆ ತಪ್ಪು; ಆಗ ಬೇರೆ ರೋಗ ಹುಡುಕಬೇಕು. ಅದನ್ನು ಮುಂದೆ ಹೇಳುತ್ತೇನೆ.

ಉಳಿದ ಮೂರು ಮಾಪಕಗಳ ಸಾಕ್ಷಿಯನ್ನೂ ಕೇಳೋಣ. ನಿಮ್ಮನ್ನು ಹೆಚ್ಚು ಗೊಂದಲಕ್ಕೆ ಕೆಡವಿರುವುದು ಗಾಜಿನ ಹೈಡ್ರೋಮೀಟರಿನ 1.027 ಎಂದು ಕಾಣುತ್ತದೆ. ಪಟ್ಟಿಯಲ್ಲಿ ನೋಡಿದರೆ 1.027 ಎಂದರೆ ಸುಮಾರು 36. ಅದು 35 ಎನ್ನುವ ರಿಫ್ರಾಕ್ಟೋಮೀಟರಿಗೂ ಒಗ್ಗುವುದಿಲ್ಲ, 38 ಎನ್ನುವ ಡಿಜಿಟಲ್ ಮೀಟರಿಗೂ ಒಗ್ಗುವುದಿಲ್ಲ. ಆದರೆ ಸಾಪೇಕ್ಷ ಸಾಂದ್ರತೆ ಎಂಬುದು ಸ್ವತಂತ್ರವಾದ ಸಂಖ್ಯೆಯಲ್ಲ, ಹೋಲಿಕೆ: ನಿಮ್ಮ ನೀರು ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ಯಾವ ಉಷ್ಣತೆಯ ಶುದ್ಧ ನೀರು ಎಂದು ಹೇಳದೆ ಹೋದರೆ ಆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಲವಣಾಂಶ 35 ಇರುವ ಕಡಲ ನೀರು 25 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರಿನಲ್ಲಿ, 25 ಡಿಗ್ರಿಯಲ್ಲಿ, 1.0264 ತೋರಿಸಬೇಕು. ಅದೇ ನೀರನ್ನು 26 ಡಿಗ್ರಿಯಲ್ಲಿ ಇಟ್ಟು 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ ತೇಲಿಸಿದರೆ 1.025ರ ಹತ್ತಿರ ನಿಲ್ಲುತ್ತದೆ. ಅದೇ ನೀರಿನ ಸಾಂದ್ರತೆಯನ್ನು 25 ಡಿಗ್ರಿಯಲ್ಲಿ ಪ್ರತಿ ಮಿಲಿಲೀಟರಿಗೆ ಎಷ್ಟು ಗ್ರಾಂ ಎಂದು ಕೇಳಿದರೆ ಉತ್ತರ 1.023. ಮೂರು ಸಂಖ್ಯೆ, ನೀರು ಒಂದೇ. ‘ನನ್ನದು 1.025, ನಿನ್ನದು 1.023’ ಎಂದು ಹವ್ಯಾಸಿಗಳು ವಾದಕ್ಕೆ ಕೂತಾಗ ಅರ್ಧ ಪಾಲು ಇಬ್ಬರೂ ಒಂದೇ ನೀರಿನ ಬಗ್ಗೆ ಮಾತಾಡುತ್ತಿರುತ್ತಾರೆ.

ಹಾಗಾದರೆ ನಿಮ್ಮ ಗಾಜಿನ ಹೈಡ್ರೋಮೀಟರಿಗೆ 26 ಡಿಗ್ರಿಯಲ್ಲಿ 1.025 ಎಂದರೆ 35. ಲವಣಾಂಶ ಒಂದು ಅಂಕ ಏರಿದರೆ ಮಾಪನ ಸುಮಾರು 0.00075 ಏರುತ್ತದೆ. ನಿಮಗೆ ಬಂದದ್ದು 1.027. ಹೆಚ್ಚಾಗಿರುವ 0.002 ಎಂದರೆ ಎರಡೂವರೆಯಿಂದ ಮೂರು ಅಂಕ. ಅಲ್ಲಿಗೆ 38ರ ಹತ್ತಿರ ಬಂದೆವು. ಡಿಜಿಟಲ್ ಮೀಟರ್ ಹೇಳುತ್ತಿರುವುದೂ ಅದನ್ನೇ. ಒಂದು ಅಳೆಯುವುದು ಭಾರವನ್ನು, ಇನ್ನೊಂದು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಎಂಬುದನ್ನು. ಒಂದರ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ. ಇಂಥ ಎರಡು ಬೇರೆ ಬೇರೆ ದಾರಿಗಳು ಒಂದೇ ಮನೆಗೆ ಬಂದು ನಿಂತರೆ ನಾನು ನಂಬುತ್ತೇನೆ. ಒಂದೇ ಬಗೆಯ ಎರಡು ರಿಫ್ರಾಕ್ಟೋಮೀಟರ್ ಒಪ್ಪಿಕೊಂಡರೆ ಅಷ್ಟು ಸುಲಭವಾಗಿ ನಂಬುವುದಿಲ್ಲ.

ಇನ್ನು ಎಲ್ಲರೂ ಬೈಯುವ ಆ ಪ್ಲಾಸ್ಟಿಕ್ ಮುಳ್ಳು. ಅದು ಮೊದಲು 1.025 ಅಂದಿತ್ತು, ಅಂದರೆ 25 ಡಿಗ್ರಿಯ ಲೆಕ್ಕದಲ್ಲಿ 33, ನಿಜ 34. ಈಗ 1.028 ಎನ್ನುತ್ತಿದೆ, ಅಂದರೆ 37, ನಿಜ 38. ಬಡಪಾಯಿ ಮಾಪಕ ನಿಮ್ಮ ಮನೆಯಲ್ಲಿ ಎಂಟು ತಿಂಗಳು ಪ್ರಾಮಾಣಿಕವಾಗಿ ದುಡಿದಿದೆ. ಹಾಗೆಂದು ಅದನ್ನು ಹೊಗಳಲಾರೆ. ಮುಳ್ಳಿಗೆ ಗಾಳಿಯ ಗುಳ್ಳೆ ಅಂಟಿದರೆ ಮೇಲೇಳುತ್ತದೆ, ಉಪ್ಪಿನ ಪದರ ಕಟ್ಟಿದರೆ ಭಾರವಾಗಿ ಕೆಳಗೆ ಕೂರುತ್ತದೆ, ಡಬ್ಬಿ ಸ್ವಲ್ಪ ವಾಲಿದರೂ ಮಾತು ಬದಲಿಸುತ್ತದೆ. ನಿಮ್ಮದು ಸರಿ ಇದ್ದದ್ದು ಅರ್ಧ ನಿಮ್ಮ ಜಾಗರೂಕತೆ, ಅರ್ಧ ಯೋಗ. ಆದರೆ ಬೆಲೆ ಹೆಚ್ಚಾದಷ್ಟು ಮಾಪಕ ಸತ್ಯ ಹೇಳುತ್ತದೆ ಎಂಬ ನಂಬಿಕೆಯನ್ನು ಇದು ಚೆನ್ನಾಗಿ ಕೆಡವುತ್ತದೆ. ಹೊಂದಿಸದ ದುಬಾರಿ ಮಾಪಕಕ್ಕಿಂತ ಗುಣದೋಷ ಗೊತ್ತಿರುವ ಅಗ್ಗದ ಮಾಪಕ ಮೇಲು.

ರಿಫ್ರಾಕ್ಟೋಮೀಟರಿನ ಬಗ್ಗೆ ನೀವು ಕೇಳಿರಬಹುದಾದ ಇನ್ನೊಂದು ಮಾತಿದೆ: ಅವು ಕಡಲ ನೀರಿಗಾಗಿ ಮಾಡಿದವಲ್ಲ, ಬರೀ ಉಪ್ಪಿನ ದ್ರಾವಣಕ್ಕಾಗಿ ಮಾಡಿದವು ಎಂದು. ಇದು ಅರ್ಧ ನಿಜ. ಮಾರುಕಟ್ಟೆಯಲ್ಲಿರುವ ಹಲವು ರಿಫ್ರಾಕ್ಟೋಮೀಟರುಗಳ ಅಳತೆಪಟ್ಟಿ ಸೋಡಿಯಂ ಕ್ಲೋರೈಡಿಗೆ ಬರೆದದ್ದು. ಕಡಲ ನೀರಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ತೂಕದಲ್ಲಿ ಸುಮಾರು ಶೇ 85 ಭಾಗ. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಅವು ಬೆಳಕನ್ನು ಬಾಗಿಸುವ ರೀತಿ ಸ್ವಲ್ಪ ಬೇರೆ. ಹಾಗಾಗಿ 35 ಇರುವ ಕಡಲ ನೀರನ್ನು ಅಂಥ ಪಟ್ಟಿಯಲ್ಲಿ ನೋಡಿದರೆ 36.5 ಕಾಣುತ್ತದೆ. ಗಮನಿಸಿ, ಈ ದೋಷ ಸಂಖ್ಯೆಯನ್ನು ಹೆಚ್ಚಿಸಿ ತೋರಿಸುತ್ತದೆ. ನಿಮ್ಮದು ಕಡಿಮೆ ತೋರಿಸುತ್ತಿದೆ. ಆದ್ದರಿಂದ ನಿಮ್ಮ ಕಷ್ಟಕ್ಕೆ ಇದು ಕಾರಣವಲ್ಲ.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಹಡಗು ಸಾಗರಗಳನ್ನು ಸುತ್ತಿ ನೀರು ತಂದಿತು. ಅದರ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದ. ತೆರೆದ ಸಾಗರದಲ್ಲಿ ಉಪ್ಪು ಎಷ್ಟೇ ಇರಲಿ, ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂಬುದು ಅದರಿಂದ ಗಟ್ಟಿಯಾಯಿತು. ನಾವು ಭಾರವನ್ನೋ ಬೆಳಕನ್ನೋ ವಿದ್ಯುತ್ತನ್ನೋ ಅಳೆದು ‘ಲವಣಾಂಶ 35’ ಎಂದು ಧೈರ್ಯವಾಗಿ ಹೇಳುವುದು ಆ ಭರವಸೆಯ ಮೇಲೆ. ನಿಮ್ಮ ಯಾವ ಮಾಪಕವೂ ಉಪ್ಪನ್ನು ನೇರವಾಗಿ ಅಳೆಯುತ್ತಿಲ್ಲ. ಎಲ್ಲವೂ ಬೇರೇನನ್ನೋ ಅಳೆದು ಉಪ್ಪನ್ನು ಊಹಿಸುತ್ತಿವೆ.

ಈಗ ‘ಶುದ್ಧ ನೀರಿನಲ್ಲಿ ಸೊನ್ನೆ ಬಂದರೆ ಸಾಕು’ ಎಂಬ ಮಾತು. ಸಾಲದು. ತಕ್ಕಡಿಯ ಬರಿದಾದ ತಟ್ಟೆಗಳು ಸಮವಾಗಿ ನಿಂತ ಮಾತ್ರಕ್ಕೆ ಅಂಗಡಿಯ ಕಿಲೋ ಬಟ್ಟು ಸರಿಯಿದೆ ಎಂದು ಆಗುವುದಿಲ್ಲವಲ್ಲ. ಸೊನ್ನೆಯಲ್ಲಿ ಸರಿ ಇರುವ ರಿಫ್ರಾಕ್ಟೋಮೀಟರ್ 35ರಲ್ಲಿ ಎರಡು ಮೂರು ಅಂಕ ತಪ್ಪುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೇಲಿನ ಪರೀಕ್ಷೆಯಲ್ಲಿ ನಿಮ್ಮ ಗೆರೆ ಸೊನ್ನೆಯ ಮೇಲೆಯೇ ಬಂದರೆ ರೋಗ ಇದೇ ಇರಬೇಕು. ಅಳೆಯಬೇಕಾದ ಜಾಗ 35 ಆದರೆ ಹೊಂದಿಸಬೇಕಾದ ಜಾಗವೂ 35ರ ಬಳಿಯೇ.

ಅದಕ್ಕೆ 35ರ ದ್ರಾವಣವನ್ನು ಕೊಳ್ಳಬಹುದು. ಕೊಳ್ಳುವಾಗ ‘ಕಡಲ ನೀರಿಗೆ ಸಮ’ ಎಂದು ಬರೆದಿದೆಯೇ, ಬರೀ ‘ಉಪ್ಪಿನ ದ್ರಾವಣ 35’ ಎಂದಿದೆಯೇ ನೋಡಿ. ಎರಡೂ ಒಂದೇ ಅಲ್ಲ. ಮುಚ್ಚಳದ ಬಗ್ಗೆ ನನ್ನ ಕಥೆ ಆಗಲೇ ಹೇಳಿದ್ದೇನೆ. ಮನೆಯಲ್ಲೇ ಮಾಡಿಕೊಳ್ಳುವುದೂ ಸುಲಭ: ಚೆನ್ನಾಗಿ ಒಣಗಿದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಬಟ್ಟಿ ಇಳಿಸಿದ ನೀರು 963.5 ಗ್ರಾಂ. ನೀರನ್ನೂ ತೂಗಿಯೇ ಹಾಕಿ, ಲೀಟರ್ ಜಗ್ಗಿನ ಗೆರೆಯನ್ನು ನಂಬಬೇಡಿ. ಈ ದ್ರಾವಣ ಬೆಳಕನ್ನು ಬಾಗಿಸುವುದು 35ರ ಕಡಲ ನೀರಿನಷ್ಟೇ. ಕಡಲ ನೀರಿನ ಪಟ್ಟಿ ಇರುವ ರಿಫ್ರಾಕ್ಟೋಮೀಟರ್ ಇದಕ್ಕೆ 35 ತೋರಿಸಬೇಕು. ತೋರಿಸದಿದ್ದರೆ ಸ್ಕ್ರೂ ತಿರುಗಿಸಿ 35ಕ್ಕೆ ತನ್ನಿ, ಆಮೇಲೆ ಸೊನ್ನೆ ಅತ್ತಿತ್ತ ಆದರೆ ಆಗಲಿ ಬಿಡಿ. ಉಪ್ಪಿನ ಪಟ್ಟಿಯದಾದರೂ ಚಿಂತೆಯಿಲ್ಲ, ಇದನ್ನು 35 ಎಂದು ಹೊಂದಿಸಿಬಿಟ್ಟರೆ ನಿಮ್ಮ ತೊಟ್ಟಿಯ ಮಟ್ಟದಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಈ ದ್ರಾವಣ ರಿಫ್ರಾಕ್ಟೋಮೀಟರಿಗೆ ಮಾತ್ರ. ಡಿಜಿಟಲ್ ಮೀಟರಿಗೂ ಹೈಡ್ರೋಮೀಟರಿಗೂ ಬೇಕಾದ ಉಪ್ಪಿನ ಪ್ರಮಾಣ ಬೇರೆ.

ಸ್ನೇಹಿತರ ಡಿಜಿಟಲ್ ಮೀಟರನ್ನು 25 ಡಿಗ್ರಿಯಲ್ಲಿ 53 ಮಿಲಿಸೀಮೆನ್ಸ್ ಎಂದು ಬರೆದಿರುವ ದ್ರಾವಣದಲ್ಲಿ ಪರೀಕ್ಷಿಸಲು ಹೇಳಿ. 35ರ ಕಡಲ ನೀರಿನ ವಾಹಕತೆ ಅಷ್ಟು. ಒಂದು ಡಿಗ್ರಿ ಉಷ್ಣತೆಗೆ ವಾಹಕತೆ ಸುಮಾರು ಶೇ 2ರಷ್ಟು ಬದಲಾಗುತ್ತದೆ, ಆದ್ದರಿಂದ ದ್ರಾವಣವೂ ತೊಟ್ಟಿಯ ನೀರೂ ಒಂದೇ ಉಷ್ಣತೆಗೆ ಬರುವವರೆಗೆ ಕಾಯಬೇಕು. ಮೀಟರಿನ ತುದಿಯನ್ನು ನೀರಿನೊಳಗೆ ನಾಲ್ಕಾರು ಬಾರಿ ಅಲ್ಲಾಡಿಸಿ. ಒಂದು ಗುಳ್ಳೆ ಸಿಕ್ಕಿಕೊಂಡರೂ ಸಂಖ್ಯೆ ಕುಸಿಯುತ್ತದೆ. ರಿಫ್ರಾಕ್ಟೋಮೀಟರಿನ ಮೇಲೆ ‘ತಾನೇ ಉಷ್ಣತೆ ಸರಿಪಡಿಸುತ್ತದೆ’ ಎಂದು ಬರೆದಿರುತ್ತದಲ್ಲ, ಅದು ಕೂಡ ಮಾಪಕ ಕೋಣೆಯ ಉಷ್ಣತೆಗೆ ಒಗ್ಗಿದ ಮೇಲಷ್ಟೇ ನಿಜ. ಉರಿಯುವ ದೀಪದ ಮೇಲಿಟ್ಟು ತಕ್ಷಣ ನೋಡಿದರೆ ಅಲ್ಲ.

ಸೀಗಡಿಯ ವಿಷಯ. ಅದು ಇದರಿಂದಲೇ ಸತ್ತಿತು ಎಂದು ಕಾಣದೆ ಹೇಳಲಾರೆ, ಆದರೆ ಬಲವಾದ ಅನುಮಾನ ಇದೆ. ಮೂಳೆ ಮೀನುಗಳು ಕಡಲ ನೀರನ್ನು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಿ, ಒಳಗಿನ ಉಪ್ಪನ್ನು ಕಡಲಿನ ಮೂರನೇ ಒಂದು ಭಾಗದಷ್ಟಕ್ಕೆ ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ನಿಮ್ಮ ಕ್ಲೌನ್ ಮೀನುಗಳಿಗೆ ಏನೂ ಆಗಿಲ್ಲ. ನಕ್ಷತ್ರಮೀನು, ಹವಳಗಳಿಗೆ ಅಂಥ ವ್ಯವಸ್ಥೆಯಿಲ್ಲ. ಹೊರಗಿನ ನೀರು ಬದಲಾದರೆ ಒಳಗೂ ಬದಲಾಗಬೇಕು. ಹವಳದ ದಿಬ್ಬಗಳ ನಡುವೆ ಹುಟ್ಟಿ ಬೆಳೆಯುವ ಸೀಗಡಿಗಳೂ ಹಠಾತ್ ಏರಿಳಿತಕ್ಕೆ ತೀರ ನಾಜೂಕು. 38 ಎಂಬ ಮಟ್ಟವೇ ವಿಷವಲ್ಲ, ಕೆಂಪು ಸಮುದ್ರದ ಹವಳಗಳು ಸುಮಾರು 40ರಲ್ಲೇ ಬದುಕುತ್ತವೆ. ಎರಡು ದಿನದಲ್ಲಿ ನಾಲ್ಕು ಅಂಕ ಏರಿದ್ದೇ ಪೆಟ್ಟು. ಅದೇ ವೇಗದಲ್ಲಿ ಇಳಿಸಿದರೆ ಅದು ಎರಡನೆಯ ಪೆಟ್ಟಾಗುತ್ತದೆ.

ಮುಂದೆ ಏನು ಮಾಡಬಹುದು? ಮೊದಲು ಮಾಪಕವನ್ನು ಸರಿಪಡಿಸಿ, 38 ಹೌದೆಂದು ಖಚಿತ ಮಾಡಿಕೊಳ್ಳಿ. ಹೌದಾದರೆ ನನ್ನ ಮೊದಲ ಆಯ್ಕೆ ಹೀಗೆ: 200 ಲೀಟರ್ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ನೀರು 170 ಲೀಟರ್ ಇದೆ ಎಂದಿಟ್ಟುಕೊಳ್ಳೋಣ. ದಿನ ಬಿಟ್ಟು ದಿನ 4 ಲೀಟರ್ ತೊಟ್ಟಿಯ ನೀರು ತೆಗೆದು, ಅಷ್ಟೇ ಶುದ್ಧ ನೀರನ್ನು 26 ಡಿಗ್ರಿಗೆ ಬೆಚ್ಚಗೆ ಮಾಡಿ, ಪಂಪಿನ ಹರಿವು ಜೋರಿರುವ ಕಡೆ ನಿಧಾನವಾಗಿ ಸುರಿಯಿರಿ. ಪ್ರತಿ ಬಾರಿಗೆ ಸುಮಾರು 0.9 ಇಳಿಯುತ್ತದೆ. ಮೂರು ಬಾರಿಗೆ 35.4ರ ಆಸುಪಾಸು, ಅಲ್ಲೇ ನಿಲ್ಲಿಸಿ. ಆವಿಯಾದ ನೀರನ್ನು ತುಂಬಿಸಿ ಗುರುತಿನ ಮಟ್ಟಕ್ಕೆ ತಂದ ಮೇಲೆಯೇ ಈ ಬದಲಾವಣೆ ಮಾಡಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ವಾರದ ನೀರು ಬದಲಾವಣೆಯ ಹೊತ್ತಾಗಿದ್ದರೆ 21ರಷ್ಟು ಲವಣಾಂಶದ ಹೊಸ ನೀರು 30 ಲೀಟರ್ ಕಲಸಿ ಬದಲಿಸಿದರೂ 35 ಬರುತ್ತದೆ. ಲೆಕ್ಕ ಸರಿ, ಖನಿಜಗಳೂ ಸಿಗುತ್ತವೆ. ಆದರೆ ಒಂದೇ ಏಟಿಗೆ ಮೂರು ಅಂಕ ಇಳಿಯುತ್ತದೆ, ಮುದುಡಿದ ಹವಳ ಇರುವ ತೊಟ್ಟಿಗೆ ನಾನು ಅದನ್ನು ಮಾಡುವುದಿಲ್ಲ. ಮೂರನೆಯದು ಸುಮ್ಮನಿರುವುದು. 38ರಲ್ಲೇ ಇಟ್ಟು, ಮುಂದಿನ ವಾರಗಳ ನೀರು ಬದಲಾವಣೆಗೆ 34–35ರ ನೀರು ಬಳಸುತ್ತಾ ಹೋದರೆ ತಾನಾಗಿ ಇಳಿಯುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಅಂಗಡಿಯಿಂದ ಹೊಸ ಜೀವಿಗಳನ್ನು ತರುವಂತಿಲ್ಲ. ಹವಳಗಳು ಇನ್ನೂ ಅರೆಬರೆ ಅರಳುತ್ತಿದ್ದರೆ ಇದೂ ಕೆಟ್ಟ ದಾರಿಯಲ್ಲ.

ಹೊಸ ನೀರು ಕಲಸುವಾಗ ಒಂದು ಮಾತು ನೆನಪಿರಲಿ. ಅಕ್ವೇರಿಯಂ ಉಪ್ಪಿನಲ್ಲಿ ತೇವಾಂಶ ಅಡಗಿರುತ್ತದೆ, ಆದ್ದರಿಂದ ಲೀಟರಿಗೆ 35 ಗ್ರಾಂ ತೂಗಿ ಹಾಕಿದರೆ 35 ಬರುವುದಿಲ್ಲ, ಇನ್ನೂ ಕೆಲವು ಗ್ರಾಂ ಹೆಚ್ಚು ಬೇಕಾಗುತ್ತದೆ. ಪೂರ್ತಿ ಕರಗಿ ತಿಳಿಯಾದ ಮೇಲೆ ಅಳೆಯಿರಿ.

ಅಳತೆಯ ಹೊತ್ತೂ ಒಂದೇ ಇರಲಿ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಿಮ್ಮ 170 ಲೀಟರಿನಲ್ಲಿ 4 ಲೀಟರ್ ಆವಿಯಾಗಿ, ನೀವು ತುಂಬಿಸಲು ಮರೆತಿದ್ದರೆ 35 ಇದ್ದದ್ದು 35.8 ಆಗಿರುತ್ತದೆ. ನಾನು ಬೆಳಿಗ್ಗೆ ನೀರು ತುಂಬಿಸಿ ಒಂದು ಗಂಟೆ ಕಳೆದ ಮೇಲೆ ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಅರ್ಧ ಅಂಕದ ಏರುಪೇರಿಗೆ ಏನೂ ಮಾಡುವುದಿಲ್ಲ. ಒಂದೇ ದಿನದಲ್ಲಿ ಎರಡು ಅಂಕ ಬದಲಾದಂತೆ ಕಂಡರೆ ನೀರನ್ನು ಮುಟ್ಟುವ ಮೊದಲು ಮಾಪಕವನ್ನು ತೊಳೆದು ಮತ್ತೆ ನೋಡುತ್ತೇನೆ.

ಹೊಸ ಸೀಗಡಿ ತರುವ ಆಸೆಯಾಗುತ್ತದೆ, ಗೊತ್ತು. ರಿಫ್ರಾಕ್ಟೋಮೀಟರ್ ಮತ್ತು ಡಿಜಿಟಲ್ ಮೀಟರ್ ಎರಡೂ ಎರಡು ವಾರ ಬಿಡದೆ 35ರ ಅಕ್ಕಪಕ್ಕ ನಿಂತ ಮೇಲೆ ತನ್ನಿ. ಅದನ್ನು ತಂದ ಚೀಲದ ನೀರನ್ನೂ ಮೊದಲು ಅಳೆಯಿರಿ. ಅಂಗಡಿಯ ತೊಟ್ಟಿಗಳ ಲವಣಾಂಶ ಎಷ್ಟೋ ಸಲ ಮನೆಯ ತೊಟ್ಟಿಗಿಂತ ಕಡಿಮೆ ಇರುತ್ತದೆ. ಹನಿ ಹನಿಯಾಗಿ ನಿಮ್ಮ ನೀರು ಬೆರೆಸುತ್ತಾ ಎರಡು ಮೂರು ಗಂಟೆ ಒಗ್ಗಿಸಿ ಬಿಡಿ.